ಹಗೂರ್ಕ ಯಾವ ದೇಶದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮಕ್ಕನ ಕಂಪನಿಯನ್ನು ಒಂದು ಮಧ್ಯಾಹ್ನ, ಚಹಾ ಆರುವಷ್ಟು ಹೊತ್ತಿನಲ್ಲಿ, ಡೆನ್ಮಾರ್ಕಿಗೆ ಸಾಗಿಸಿದವನು ನಾನು. ಆ ದೇಶ ನಕಾಶೆಯ ಯಾವ ಮೂಲೆಯಲ್ಲಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಈಗಲೂ ಬೆರಳಿಟ್ಟು ತೋರಿಸು ಅಂದರೆ ನನ್ನ ಬೆರಳು ಅದರ ನೆರೆಮನೆಯವರಿಗೇ ತಾಗುತ್ತದೆ. ಗೊತ್ತಿದ್ದದ್ದು ಇಷ್ಟೇ: ನಮ್ಮ ಮನೆಯ ಟೆಲಿಫೋನಿನ ಪಕ್ಕ ಅವ್ವನ ಸೂಜಿ-ದಾರದ ಡಬ್ಬಿ ಇರುತ್ತಿತ್ತು. ಯಾವುದೋ ಕಾಲದಲ್ಲಿ ಬಿಸ್ಕೀಟು ತುಂಬಿಕೊಂಡು ಬಂದಿದ್ದ ನೀಲಿ ತಗಡಿನ ಡಬ್ಬಿ. ಅದರ ಮುಚ್ಚಳದ ಮೇಲೆ ಆ ದೇಶದ ಹೆಸರಿತ್ತು.

ನಾನು ನಕಲು ಮಾಡುವವನು. ಪುಣೆಯ ಮಗ್ಗುಲಿನ ಚಿಂಚವಾಡದ ನಮ್ಮ ಕಾಲನಿಯಲ್ಲಿ ನನ್ನ ಬಾಯಿಗೆ ಬೀಳದ ಮನುಷ್ಯ ಇರಲಿಲ್ಲ. ಹಾಲಿನವನ ಕೆಮ್ಮು, ಬಸ್ ಕಂಡಕ್ಟರನ ಮೂಗು, ಕಾಕು ಎಂದು ಎಲ್ಲರೂ ಕರೆಯುವ ಕೆಳಗಿನ ಮನೆಯಾಕೆ ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವ ಜಗಳ, ಎಲ್ಲ ನನ್ನ ಸಂಗ್ರಹದಲ್ಲಿದ್ದವು. ಒಮ್ಮೆ ಅಪ್ಪನ ಕಾರ್ಖಾನೆಯ ಸಾಹೇಬರ ದನಿಯಲ್ಲಿ ಮೂಲೆಯ ಬೂತಿನಿಂದ ಮನೆಗೆ ಫೋನ್ ಮಾಡಿದ್ದೆ. ಅಪ್ಪ ಕುರ್ಚಿಯಿಂದ ಎದ್ದು ನಿಂತು, ಮೈಮೇಲೆ ಬರೀ ಬನಿಯನ್ ಇದ್ದರೂ ಕಾಲರ್ ಸರಿಮಾಡಿಕೊಂಡರಂತೆ. ಆ ಸಂಜೆ ನನಗೆ ಬಿದ್ದ ಏಟಿನ ಸದ್ದನ್ನೂ ನಾನು ಚೆನ್ನಾಗಿ ನಕಲು ಮಾಡುತ್ತೇನೆ.

ಅಪ್ಪ ಧಾರವಾಡದ ಕಡೆಯಿಂದ ಬಂದು ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತರಾದವರು. ತೊಂಬತ್ತರ ದಶಕದಲ್ಲಿ ಪಾಳಿ ಬಿಡುವ ಹೊತ್ತಿಗೆ ನಮ್ಮ ರಸ್ತೆಯಲ್ಲಿ ಸೈಕಲ್ಲುಗಳ ಹೊಳೆ ಹರಿಯುತ್ತಿತ್ತು. ನೋಡನೋಡುತ್ತ ಆ ಹೊಳೆ ಬತ್ತಿ ಸ್ಕೂಟರು, ಮೋಟರ್‌ಸೈಕಲ್ಲುಗಳ ಹೊಳೆಯಾಯಿತು. ಅಪ್ಪನ ಸೈಕಲ್ಲೊಂದೇ ಉಳಿಯಿತು. ಪರಿಸರಪ್ರೇಮ ಅಂತ ಯಾರೂ ತಿಳಿಯಬೇಡಿ. ಅವರಿಗೆ ಸ್ಕೂಟರಿನ ಭಯ. "ಅದನ್ನ ಒದ್ರ ತಿರುಗಿ ಒದೀತದ," ಅನ್ನುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು, ಸೈಕಲ್ಲು ತಿರುಗಿ ಬಂತು. ಈ ಸಲ ಅದು ಖರಾಡಿಯ ಗಾಜಿನ ಆಫೀಸುಗಳಿಂದ ಬಂತು, ಮೋಟರ್‌ಸೈಕಲ್ಲಿಗಿಂತ ದುಬಾರಿಯಾಗಿ, ಮೈಗಂಟಿದ ಬಣ್ಣದ ಬಟ್ಟೆ ತೊಟ್ಟುಕೊಂಡು. ಒಂದು ಭಾನುವಾರ ಅಂಥವನೊಬ್ಬ ನಮ್ಮ ಕಾಲನಿಯ ನಳದಲ್ಲಿ ನೀರು ಕುಡಿಯಲು ನಿಂತ. ಅವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, ಮರುಕದಿಂದ ಅಂದಳು: "ಪಾಪ, ಒಳಗಿನ್ದು ಹಾಕ್ಕೊಂಡು ಬಂದಾನ, ಮ್ಯಾಲಿನ್ದು ಮರ್ತಾನ."

ನಾನು ನಕ್ಕೆ. ಅಕ್ಕ ನಗಲಿಲ್ಲ. ಅವಳು ಆ ಹುಡುಗನ ಬೆನ್ನಿನ ಹೊಲಿಗೆಯನ್ನೇ ನೋಡುತ್ತಿದ್ದಳು.

ಅಕ್ಕ ಎಕ್ಸ್‌ಪೋರ್ಟಿನ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಡುತ್ತಿದ್ದಳು. ಅವಳು ಕತ್ತರಿಸಿದ ಬಟ್ಟೆ ಹಡಗು ಹತ್ತಿ ಹೋಗಿ, ಪರದೇಶದ ಚೀಟಿ ಹಚ್ಚಿಕೊಂಡು, ತಿರುಗಿ ಪುಣೆಯ ಅಂಗಡಿಗಳಿಗೇ ಬಂದು ಕೂತಿರುತ್ತಿತ್ತು. "ನಾ ಕತ್ತರಿಸಿದ್ದು ನಂಗ ಗುರ್ತು ಸಿಗೂದಿಲ್ಲೇನು? ಹಡೆದಾಕಿಗೆ ಕೂಸಿನ ಗುರ್ತು ಸಿಕ್ಕಂಗ ಸಿಗ್ತದ," ಅನ್ನುತ್ತಿದ್ದಳು. ನೀರು ಕುಡಿದು ಹೋದ ಆ ಹುಡುಗನ ಅಂಗಿ ತೋಳಿನ ಕೆಳಗೆ ಬಿಗಿಯುತ್ತಿತ್ತು, ಹೊಟ್ಟೆಯ ಮೇಲೆ ಜೋಲುತ್ತಿತ್ತು. ಆ ಅಳತೆ ನಮ್ಮ ಮೈಯದಲ್ಲ, ಆ ಬಟ್ಟೆ ನಮ್ಮ ಬಿಸಿಲಿನದಲ್ಲ ಎಂದು ಅವಳು ಅಂದೇ ತೀರ್ಪು ಕೊಟ್ಟಳು. ಎರಡು ಹೊಲಿಗೆ ಮಶೀನು ನಮ್ಮ ಹೊರಕೋಣೆಗೆ ಬಂದವು. ನನ್ನ ಮಂಚ ಅಡುಗೆಮನೆಗೆ ಹೋಯಿತು.

ಸವಾರರಿಗೆ ನಮ್ಮ ಅಳತೆಯ ಬಟ್ಟೆ ತಾನೇ ಹೊಲಿಯಲು ಅಕ್ಕ ಕೆಲಸದಿಂದ ಒಂದು ತಿಂಗಳು ರಜೆ ತೆಗೆದುಕೊಂಡಳು. ಅಪ್ಪನಿಗೆ ಕೊಟ್ಟ ಮಾತು ಸ್ಪಷ್ಟವಿತ್ತು: ಈ ತಿಂಗಳೊಳಗೆ ಒಳ್ಳೆಯ ಅಂಗಡಿಯೊಂದು ಅವಳ ಬಟ್ಟೆ ಇಟ್ಟುಕೊಂಡರೆ ರಾಜೀನಾಮೆ. ಇಲ್ಲದಿದ್ದರೆ ಮಶೀನು ಮಾರಿ, ಸುಮ್ಮನೆ ಹಳೇ ಕತ್ತರಿಗೆ ತಿರುಗಿ ಹೋಗುವುದು, ಮತ್ತೆ ಈ ಮಾತು ಎತ್ತದಿರುವುದು.

ಅಂಗಿ ಬೇಗ ಸಿದ್ಧವಾಯಿತು. ಚಡ್ಡಿ ಸತಾಯಿಸಿತು. ಸೈಕಲ್ ಚಡ್ಡಿಯ ಜೀವ ಇರುವುದು ಕೂಡುವ ಜಾಗದ ಮೆತ್ತೆಯಲ್ಲಿ. ಅಕ್ಕ ಫೋಮ್ ತಂದು ಹೊಲಿದಳು. ಪರೀಕ್ಷೆ ಮಾಡಲು ಮನೆಯಲ್ಲಿ ಇದ್ದ ಸೈಕಲ್ ಸವಾರರು ಒಬ್ಬರೇ. ಅಪ್ಪ ಚಡ್ಡಿಯ ಮೇಲೆ ಮರ್ಯಾದೆಗೊಂದು ಧೋತರ ಸುತ್ತಿಕೊಂಡು ದೇಹೂ ರೋಡಿನ ತನಕ ಹೋಗಿ ಬಂದರು. ಬಂದವರು ಬಾಗಿಲಲ್ಲಿ ನಿಂತೇ ಇದ್ದರು.

"ಕೂಡ್ರಿ," ಅಂದಳು ಅವ್ವ.

"ಕೂಡ್ಲಿಕ್ಕೆ ಬರೂದಿಲ್ಲ."

"ಹಂಗಾರ ಒಳಗ ಬರ್ರಿ."

"ನಡೀಲಿಕ್ಕೂ ಬರೂದಿಲ್ಲ. ಆ ಗಾದಿ ಒಂದ ಕಡೆ, ನಾ ಒಂದ ಕಡೆ ಆಗೇವಿ."

ನಾನು ಅಪ್ಪನ ಹಿಂದೆ ನಿಂತು ಅವರ ನಡಿಗೆಯನ್ನು ಹಾಗೇ ಎತ್ತಿದೆ, ಎರಡು ಕಾಲಿನ ನಡುವೆ ಕುಂಬಳಕಾಯಿ ಹಿಡಿದವರಂತೆ. ಅಕ್ಕನಿಗೆ ಅಳು ಬರುವುದರಲ್ಲಿತ್ತು, ನಗು ಬಂತು. ಆ ಮನೆಯಲ್ಲಿ ನನ್ನ ಉಪಯೋಗ ಅಷ್ಟೇ.

ಅವ್ವ ಚಡ್ಡಿಯನ್ನು ಒಳಹೊರಗು ಮಾಡಿ ನೋಡಿದಳು. "ಗಾದಿ ಹಾಕಿದ್ರ ಜಾರ್ತದ," ಅಂದಳು. "ಕೌದಿ ಹಾಕು."

ಕೌದಿ ಅಂದರೆ ಹಳೇ ಸೀರೆಗಳನ್ನು ಪದರು ಪದರಾಗಿ ಹಾಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಹೊಲಿಗೆ. ನಾವೆಲ್ಲ ಹುಟ್ಟಿದ್ದು, ಒದ್ದೆ ಮಾಡಿದ್ದು, ಜ್ವರದಲ್ಲಿ ಬೆವರಿದ್ದು ಅದರ ಮೇಲೆಯೇ. ಹತ್ತು ಸಲ ಒಗೆದರೂ ಅದರ ಪದರು ಒಂದಿಂಚು ಸರಿಯುವುದಿಲ್ಲ. ಅವ್ವ ನೀಲಿ ಡಬ್ಬಿ ತೆಗೆದು, ಅಕ್ಕ ಕೊಟ್ಟ ಬೇಗ ಒಣಗುವ ತೆಳು ಬಟ್ಟೆಯ ಪದರುಗಳನ್ನು ಜೋಡಿಸಿ, ಹಲ್ಲಿನಿಂದ ದಾರ ಕಡಿಯುತ್ತ, ಮೂರು ದಿನ ಕೂತು ಒಂದು ಮೆತ್ತೆ ಹೊಲಿದಳು. ಎಲೆಯಾಕಾರ, ಒಳಗೆ ಸುತ್ತು ಸುತ್ತಾದ ಗೆರೆ. ಅಪ್ಪ ಮತ್ತೆ ದೇಹೂ ರೋಡಿಗೆ ಹೋದರು. ಈ ಸಲ ಬೇಗ ಬರಲಿಲ್ಲ. ಅವ್ವ ಗಾಬರಿಯಾಗಿ ನನ್ನನ್ನು ಹುಡುಕಲು ಕಳಿಸುವ ಹೊತ್ತಿಗೆ ಬಂದು, ಸೈಕಲ್ಲಿನಿಂದ ಇಳಿಯದೆ ಅಂದರು: "ಲೋಣಾವಳಾ ರಸ್ತಾ ಹಿಡದಿದ್ದೆ. ಇನ್ನೂ ಹೋಗ್ತಿದ್ದೆ. ಹಸಿವ್ಯಾತು, ಹೊಳ್ಳಿದೆ."

ಅಕ್ಕ ಅವ್ವನನ್ನು ತಬ್ಬಿಕೊಂಡಳು. ಅಪ್ಪನನ್ನೂ ತಬ್ಬಿಕೊಳ್ಳಲು ಹೋದಳು, ಅವರು ಸೈಕಲ್ಲಿನ ಗಂಟೆ ಬಾರಿಸಿ ತಪ್ಪಿಸಿಕೊಂಡರು. ಕೈಯಲ್ಲಿ ಹೊಲಿದ ಆ ಸುತ್ತನ್ನು ಅಕ್ಕ ಮಶೀನಿಗೆ ಕಲಿಸಿದಳು. ಮಶೀನು ಎಲ್ಲಿ ತಪ್ಪಿದರೂ ಅವ್ವ ಬೆರಳಿನಲ್ಲಿ ತಡವಿ ಹಿಡಿಯುತ್ತಿದ್ದಳು.

ಉಳಿದದ್ದು ಹೆಸರು. ನಾನು ಸಿಡಿಲು, ಹುಲಿ, ಚಿರತೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೂಗಿ ತೋರಿಸಿದೆ, ಕೊನೆಗೆ ಘರ್ಜನೆಯನ್ನೂ ಸೇರಿಸಿ. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ಹೊತ್ತಿಗೆ ಅಪ್ಪ ಕೆಲಸಕ್ಕೆ ಹೊರಟರು, ಅವ್ವ ದಿನದಂತೆ ಬಾಗಿಲಿಗೆ ಬಂದು "ಹಗೂರ್ಕ ಹೋಗ್ರಿ" ಅಂದಳು. ನಮ್ಮ ಕಡೆ ಹಗೂರ್ಕ ಅಂದರೆ ನಿಧಾನ, ಜೋಪಾನ. ಹಗುರವಾಗಿ ಅಂತಲೂ ಹೌದು. ಅಕ್ಕನ ಕತ್ತರಿ ನಿಂತಿತು.

"ಇದಽ," ಅಂದಳು.

"ಗಾಳಿ ಹಂಗ ಓಡೋ ಮಂದಿಗೆ ನಿಧಾನ ಅಂತ ಬರದು ಬೆನ್ನಿಗೆ ಹಚ್ತೀಯೇನು?" ಅಂದೆ.

"ಹಗುರ ಬಟ್ಟಿ ತೊಟ್ಟು, ಜ್ವಾಕಿಲೇ ಹೊಳ್ಳಿ ಬರ್ಲಿ. ಇನ್ನೇನ ಬೇಕು?"

ಇಂಗ್ಲಿಷ್ ಅಕ್ಷರಗಳಲ್ಲಿ ಚೀಟಿ ನೇಯಿಸಿದಳು. ಕೊನೆಯ ಅಕ್ಷರ ಚೀಟಿಯ ಅಗಲಕ್ಕೆ ಹಿಡಿಸಲಿಲ್ಲ, ಬಿಟ್ಟಳು. ಹಗೂರ್ಕ ಹೋಗಿ ಹಗೂರ್ಕ್ ಆಯಿತು. ಆ ಒಂದು ಅಕ್ಷರ ಉದುರಿದ್ದೇ ತಡ, ಅವ್ವನ ಮಾತಿಗೆ ಹಿಮ ಬೀಳುವ ದೇಶದ ಕಳೆ ಬಂತು.

ಭಾನುವಾರ ಬೆಳಗ್ಗೆ ಸಿಂಹಗಡದ ಬುಡದಲ್ಲಿ ಚೀಲ ಹಿಡಿದು ನಿಂತೆವು. ಗಡ ಹತ್ತಿ ಇಳಿಯುವ ಸವಾರರು ಅಲ್ಲಿ ಚಹಾಕ್ಕೆ ನಿಲ್ಲುತ್ತಾರೆ. ಮೊದಲ ವಾರ ಇಬ್ಬರು ಕೊಂಡರು. ಎರಡನೇ ವಾರ ಆ ಇಬ್ಬರು ತಮ್ಮ ಇಡೀ ಗುಂಪನ್ನು ಕರೆತಂದರು. ಚೀಲ ಬರಿದಾಗಿ, ಒಬ್ಬ ಅಕ್ಕನ ಕೈಯಲ್ಲಿದ್ದ ನಮೂನೆಯನ್ನೇ ಕಿತ್ತುಕೊಂಡ. ಖರಾಡಿಯ ಬೆಂಗಳೂರು ಹುಡುಗನೊಬ್ಬ ಚೀಟಿ ಓದಿ, ಪಕ್ಕದವನಿಗೆ "ಇಂಪೋರ್ಟೆಡ್ಡು ಗುರು, ಪ್ಯಾಡ್ ನೋಡು, ಬೆಣ್ಣೆ ಇದ್ದಂಗಿದೆ" ಅಂದ. ಅಕ್ಕ ಕನ್ನಡದಲ್ಲಿ "ಚಿಂಚವಾಡದ್ದು" ಅಂದಳು. "ಓ, ಏಜೆನ್ಸಿ ಅಲ್ಲಿದ್ಯಾ?" ಅಂದ ಆ ಪುಣ್ಯಾತ್ಮ. ಬಸ್ಸಿನಲ್ಲಿ ಮನೆಗೆ ಬರುವಾಗ ಅಕ್ಕ ಖಾಲಿ ಚೀಲವನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನಾನು ಸಿಂಹಗಡದಿಂದ ಚಿಂಚವಾಡದ ತನಕ ಆ ಹುಡುಗನ ದನಿಯಲ್ಲೇ ಮಾತಾಡಿದೆ.

ಆದರೆ ಚೀಲದಲ್ಲಿ ಮಾರುವುದು ಅಂಗಡಿಯಾಗುವುದಿಲ್ಲ, ತಿಂಗಳು ಮುಗಿಯುತ್ತ ಬಂದಿತ್ತು. ಕೋರೆಗಾಂವ ಪಾರ್ಕಿನ ಕಡೆ ದೊಡ್ಡ ಸೈಕಲ್ ಅಂಗಡಿಯೊಂದಿತ್ತು. ಅದರ ನಡುವೆ ದೀಪ ಹಾಕಿದ ಗಾಜಿನ ಕಪಾಟು, ಅದರೊಳಗೆ ಪರದೇಶದ ಬಟ್ಟೆ ಮಾತ್ರ. ಪುಣೆಯ ಸವಾರರಿಗೆ ಆ ಕಪಾಟಿನೊಳಗೆ ಇದ್ದದ್ದೇ ಬಟ್ಟೆ, ಉಳಿದದ್ದೆಲ್ಲ ಅರಿವೆ. ಅಕ್ಕ ಒಂದು ಜೊತೆ ಅಲ್ಲಿ ಕೊಟ್ಟು ಬಂದಿದ್ದಳು. ಮಾಲೀಕರು ಊರಲ್ಲಿರಲಿಲ್ಲ. ಅವಳು ಫೋನ್ ನಂಬರ್ ಬರೆದಿಟ್ಟು ಬಂದಳು.

ರಜೆ ಮುಗಿಯಲು ಮೂರು ದಿನ ಇತ್ತು. ಅಕ್ಕ ಝಿಪ್ ತರಲು ಪೇಟೆಗೆ ಹೋಗಿದ್ದಳು. ಫೋನ್ ಬಂತು. ದಪ್ಪ ದನಿ, ಇಂಗ್ಲಿಷು: ನಾನು ಇಂಥ ಅಂಗಡಿಯ ಮಾಲೀಕ, ನಿಮ್ಮ ಚಡ್ಡಿ ಹಾಕಿಕೊಂಡು ಬಾರಾಮತಿಯ ತನಕ ಹೋದೆ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಧೂಳು ತಿಂದೆ, ಆದರೆ ಕೂತದ್ದೇ ಗೊತ್ತಾಗಲಿಲ್ಲ. ಇದು ಯಾವ ದೇಶದ ಕಂಪನಿ?

ಚಿಂಚವಾಡ ಅಂತ ಹೇಳಬೇಕಾದ ಬಾಯಿ ನನ್ನದು. ಆದರೆ ಕಣ್ಣು ನೀಲಿ ಡಬ್ಬಿಯ ಮೇಲಿತ್ತು.

"ಡೆನ್ಮಾರ್ಕ್," ಅಂದೆ.

ಅಂದ ಮೇಲೆ ಆ ದೇಶದ ದನಿಯೂ ಬೇಕಲ್ಲ. ಡೆನ್ಮಾರ್ಕಿನವನ ಮಾತನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಟೀವಿಯ ಕ್ರಿಕೆಟ್ ಕಾಮೆಂಟರಿಯವರಿಂದ ಅರ್ಧ ಮೂಗು, ಅಪ್ಪನ ಕಾರ್ಖಾನೆಗೆ ಬರುತ್ತಿದ್ದ ಪರದೇಶದ ಇಂಜಿನಿಯರನಿಂದ ಗಂಟಲು, ಹಲ್ಲು ನೋವಿದ್ದಾಗಿನ ಅಪ್ಪನಿಂದ ನಾಲಿಗೆ, ಮೂರನ್ನೂ ಕೂಡಿಸಿದೆ. ತಾವು ಯಾರು ಎಂದು ಕೇಳಿದರು. ಚೀಫ್ ಡಿಸೈನರ್ ಅಂದೆ. ಮೆತ್ತೆಯ ಗುಟ್ಟೇನು ಅಂದರು. ನಮ್ಮಲ್ಲಿ ಹಿಮದ ಮೇಲೆ ಪರೀಕ್ಷೆ ಮಾಡುತ್ತೇವೆ ಅಂದೆ. ದೇಹೂ ರೋಡಿನ ಧೂಳು ಹಿಮವಾಯಿತು. ನಾಳೆ ನಾಲ್ಕು ಗಂಟೆಗೆ ಬಂದು ಭೇಟಿಯಾಗುತ್ತೇನೆ, ವಿಳಾಸ ಹೇಳಿ ಅಂದರು. ಹೇಳಿದೆ. ಕೊನೆಗೆ ಏನೋ ಅಂದು ಫೋನ್ ಇಟ್ಟೆ. ಖುಷಿಯಲ್ಲಿ ಏನಂದೆ ಎಂದು ನೆನಪಿಲ್ಲ. ನೆನಪಿರಬೇಕಿತ್ತು.

ಅಕ್ಕ ಬಂದಳು. ನಾನು ಇಡೀ ಸಂಭಾಷಣೆಯನ್ನು ಎರಡೂ ದನಿಗಳಲ್ಲಿ ಆಡಿ ತೋರಿಸಿದೆ, ಕೊನೆಗೆ ಬಗ್ಗಿ ನಮಸ್ಕಾರವನ್ನೂ ಮಾಡಿದೆ. ಬಾರಾಮತಿಯ ಮಾತು ಕೇಳುವಾಗ ಅವಳ ಮುಖ ಅರಳಿತ್ತು. ಡೆನ್ಮಾರ್ಕ್ ಬಂದೊಡನೆ ಝಿಪ್ಪಿನ ಪೊಟ್ಟಣ ಕೆಳಗಿಟ್ಟಳು.

"ಇಷ್ಟು ವರ್ಷ ನಾ ಕತ್ತರಿಸಿದ್ದಕ್ಕ ಬ್ಯಾರೆಯವ್ರು ತಮ್ಮ ದೇಶದ ಚೀಟಿ ಹಚ್ಚಿದ್ರು," ಅಂದಳು. "ಇದೊಂದು ನಂದಿತ್ತು. ಇದಕ್ಕ ನೀ ಹಚ್ಚಿದಿ."

ನನ್ನ ಸಂಗ್ರಹದಲ್ಲಿ ಆ ದನಿ ಇಲ್ಲ. ಅದನ್ನು ನಾನು ಯಾವತ್ತೂ ನಕಲು ಮಾಡಿಲ್ಲ.

ಅವಳು ಫೋನ್ ಎತ್ತಿದಳು. ಅವ್ವ ಅದರ ಮೇಲೆ ಕೈ ಇಟ್ಟಳು. "ಬರ್ಲಿ. ಕೂಡಿಸಿ ಹೇಳು. ಫೋನಿನ್ಯಾಗ ಮಾರಿ ಕಾಣೂದಿಲ್ಲ."

ಮರುದಿನ ಸರಿಯಾಗಿ ನಾಲ್ಕಕ್ಕೆ ಅವರು ಬಂದರು, ಕಾರಿನಲ್ಲಲ್ಲ, ಸೈಕಲ್ಲಿನಲ್ಲಿ. ಐವತ್ತು ದಾಟಿದ ಗಟ್ಟಿ ಆಳು, ಹ್ಯಾಂಡಲ್ಲಿನಂಥ ಮೀಸೆ. ಮರಾಠಿಯಲ್ಲಿ ನಮಸ್ಕಾರ ಹೇಳಿ, ಬೂಟು ಕಳಚಿ, ನೆಲದ ಮೇಲೇ ಕೂತು, ರಾಶಿಯಿಂದ ಒಂದೊಂದೇ ಅಂಗಿ ಎತ್ತಿ ಒಳಮೈ ತಿರುಗಿಸಿ ನೋಡತೊಡಗಿದರು. ಒಳ್ಳೆಯ ಗಿರಾಕಿ ಹೊರಮೈ ನೋಡುವುದಿಲ್ಲ. ಅಕ್ಕನ ಕಣ್ಣು ಅವರ ಬೆರಳಿನ ಹಿಂದೆಯೇ ಓಡುತ್ತಿತ್ತು. ಅವ್ವ ಚಹಾ, ಚೂಡಾ ತಂದಿಟ್ಟು, ಮೂಲೆಯಲ್ಲಿ ತನ್ನ ಮೆತ್ತೆ ಹಿಡಿದು ಕೂತಳು. ನಾನು ಅಡುಗೆಮನೆಗೆ ಜಾರುತ್ತಿದ್ದೆ. ಅಕ್ಕ ಅಂಗಿಯ ಚುಂಗು ಹಿಡಿದು ಕೂಡಿಸಿದಳು.

"ಸಾಹೇಬ ಕುಠೆ ಆಹೇತ?" ಅಂದರು ಅವರು. ಸಾಹೇಬರು ಎಲ್ಲಿದ್ದಾರೆ ಅಂತ.

ಅಕ್ಕ ಉಸಿರೆಳೆದುಕೊಂಡು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದಳು. ಡೆನ್ಮಾರ್ಕು ಇಲ್ಲ, ಸಾಹೇಬರೂ ಇಲ್ಲ. ಕತ್ತರಿಸುವವಳು ನಾನು, ಮೆತ್ತೆ ನಮ್ಮ ತಾಯಿಯದು, ಪರೀಕ್ಷೆ ನಮ್ಮ ತಂದೆಯದು. ನಿನ್ನೆ ಫೋನಿನಲ್ಲಿ ಮಾತಾಡಿದ ಸಾಹೇಬರು ಇವನು, ನನ್ನ ತಮ್ಮ. ನಿಮಗೆ ಬೇಡ ಅನಿಸಿದರೆ ಬೇಡ.

ಅವರು ಒಂದು ಹಿಡಿ ಚೂಡಾ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, ನನ್ನ ಕಡೆ ತಿರುಗಿದರು. ಬಂದ ಮಾತು ಅಪ್ಪಟ ಬೆಳಗಾವಿ ಕನ್ನಡ.

"ಏನೋ ತಮ್ಮಾ, ಡೆನ್ಮಾರ್ಕಿನ್ಯಾಗ ಎಲ್ಲಾರೂ 'ಓಕೆ ರೀ, ಇಡ್ಲೇನ್ರಿ' ಅಂದಽ ಫೋನ್ ಇಡ್ತಾರೇನು?"

ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಹೋಗುತ್ತಿದ್ದೆ. ಮೂಗು, ಗಂಟಲು, ನಾಲಿಗೆ ಎಲ್ಲವನ್ನೂ ಪರದೇಶದಿಂದ ತಂದವನು 'ರೀ' ಒಂದನ್ನು ಮನೆಯಲ್ಲೇ ಬಿಡಲು ಮರೆತಿದ್ದೆ. ಹಿರಿಯರ ಜೊತೆ ಮಾತು ಮುಗಿಸುವಾಗ ಅದು ತಾನೇ ಬಂದು ಅಂಟಿಕೊಂಡಿತ್ತು.

"ನಾ ಬೆಳಗಾಂವ್ದಾಂವ," ಅಂದರು ಅವರು ಅಕ್ಕನಿಗೆ. "ಚೀಟಿ ಮ್ಯಾಲ ಹಗೂರ್ಕ್ ಅಂತ ಓದಿದಾಗಽ ನಗಿ ಬಂತು. ನಮ್ಮವ್ವ ದಿನಾ ಅಂತಿದ್ಲು ಈ ಮಾತ. ಸಾಹೇಬ್ರನ ನೋಡೂನು ಅಂತ ಫೋನ್ ಮಾಡಿದೆ, ಸಾಹೇಬ್ರು ರೀ ಅಂದ್ರು." ಅವರ ಹೊಟ್ಟೆ ಕುಣಿಯಿತು. ಅಕ್ಕನೂ ನಕ್ಕಳು. ನಾನು ನಗಬೇಕೋ ಬೇಡವೋ ಗೊತ್ತಾಗದೆ ಇಬ್ಬರ ನಗುವನ್ನೂ ಒಟ್ಟಿಗೆ ನಕಲು ಮಾಡಿದೆ.

ಅವರು ಅಂಗಿ ಮಡಿಸಿಟ್ಟು ವ್ಯವಹಾರಕ್ಕೆ ಬಂದರು. "ಮಾಲು ಒಂದ ನಂಬರ್ ಐತಿ. ಇದ್ದಷ್ಟೂ ಕೊಡ್ರಿ, ಗಾಜಿನ ಕಪಾಟಿನ್ಯಾಗ ನಟ್ಟನಡಕ ಇಡ್ತೇನಿ. ಆದ್ರ ಒಂದ ಮಾತು. ಡೆನ್ಮಾರ್ಕ್ ಇರ್ಲಿ. ಹುಡುಗ ತಪ್ಪಿ ಹೇಳಿದ್ರೂ ಕೆಲಸದ ಮಾತ ಹೇಳ್ಯಾನ. ಹೊರಗಿನ್ದು ಅಂದ್ರ ಮಂದಿ ಮುಟ್ಟಿ ನೋಡ್ತಾರ. ಚಿಂಚವಾಡ ಅಂದ್ರ ಕೈ ಹಿಂದ ತಗೋತಾರ. ಚೀಟಿ ಕೆಳಗ ಸಣ್ಣಾಗಿ ಬರೀರಿ, ಅಷ್ಟಽ."

ನಿಜ ಹೇಳುತ್ತೇನೆ, ನನ್ನ ಎದೆ ಉಬ್ಬಿತು. ನಾನು ಗೆದ್ದೆ ಅಂದುಕೊಂಡೆ. ಅಕ್ಕನ ಕಡೆ ನೋಡಿದೆ. ಅವಳ ಹೆಬ್ಬೆರಳು ಚೀಟಿಯ ಮೇಲಿತ್ತು, ನೇಯ್ದ ಆರು ಅಕ್ಷರಗಳ ಮೇಲೆ ಹೋಗಿ ಬಂದು ಮಾಡುತ್ತಿತ್ತು. ನಾಡಿದ್ದು ರಜೆ ಮುಗಿಯುತ್ತಿತ್ತು. ಹೂಂ ಅಂದರೆ ಕಪಾಟು. ಊಹೂಂ ಅಂದರೆ ಹಳೇ ಕತ್ತರಿ, ಇನ್ನೊಬ್ಬರ ಚೀಟಿ. ಹೂಂ ಅಂದರೂ ಇನ್ನೊಬ್ಬರ ಚೀಟಿಯೇ. ಅವಳು ಹೇಳಲು ಬಾಯಿ ತೆರೆದಳು.

ಆಮೇಲೆ ಆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಕ ಹಳೇ ಕೆಲಸಕ್ಕೆ ತಿರುಗಿ ಹೋಗಲಿಲ್ಲ. ಹಗೂರ್ಕ ಆ ಕಪಾಟಿನ ನಟ್ಟನಡುವೆ ಬಂತು, ಮೊದಲ ಭಾನುವಾರವೇ ಕಪಾಟು ಖಾಲಿಯಾಯಿತು. ಒಂದೆರಡು ವರ್ಷದಲ್ಲಿ ನನ್ನ ಮಂಚ ಹೊರಕೋಣೆಗೆ ವಾಪಸು ಬಂತು. ಮಶೀನುಗಳು ಭೋಸರಿಯ ಶೆಡ್ಡಿಗೆ ಹೋದವು, ಅಲ್ಲಿ ಕೌದಿ ಬಲ್ಲ ಹೆಂಗಸರು ಸಾಲಾಗಿ ಕೂತರು, ಅವ್ವ ಅವರ ನಡುವೆ ಬೆರಳಿನಲ್ಲಿ ತಡವುತ್ತ ಓಡಾಡಿದಳು. ಮುಂಬಯಿ, ಬೆಂಗಳೂರಿನ ಅಂಗಡಿಗಳು ಬಂದವು, ಆಮೇಲೆ ಹಡಗೂ ಬಂತು. ಈ ಸಲ ಹಡಗು ಹತ್ತಿದ ಬಟ್ಟೆಗೆ ಅಕ್ಕನದೇ ಚೀಟಿ, ಅದರ ಕೆಳಗೆ ಸಣ್ಣಗೆ ಪುಣೆ. ಡೆನ್ಮಾರ್ಕಿನಿಂದ ಮಾತ್ರ ಇನ್ನೂ ಆರ್ಡರ್ ಬಂದಿಲ್ಲ. ಬಂದರೆ ಫೋನ್ ನಾನು ಎತ್ತಬಾರದು ಎಂದು ಮನೆಯಲ್ಲಿ ಕಟ್ಟಪ್ಪಣೆ ಇದೆ.

ಪುಣೆ ಅಂತ ಆ ಚೀಟಿಯಲ್ಲಿ ಹೇಗೆ ಬಂತು ಅನ್ನುವುದೇ ಆ ಮಧ್ಯಾಹ್ನದ ಕೊನೆಯ ಮಾತು. ಅಕ್ಕ ಉತ್ತರ ಕೊಡುವ ಮೊದಲೇ ಮೂಲೆಯಲ್ಲಿ ಅವ್ವ ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ನೀಲಿ ಡಬ್ಬಿಯೊಳಗೆ ಹಾಕಿ, ಮುಚ್ಚಳ ಒತ್ತಿ ಮುಚ್ಚಿ, ಆ ಡಬ್ಬಿಯನ್ನು ಅಂಗಡಿ ಮಾಲೀಕರ ಮುಂದೆ ಸರಿಸಿದಳು.

"ದಿನಾ ಮುಂಜಾನೆ ಬಾಗಲದಾಗ ನಿಂತು ಹಗೂರ್ಕ ಹೋಗ್ರಿ ಅನ್ನಾಕಿ ನಾನ್ರಿ. ಡೆನ್ಮಾರ್ಕಿನ್ಯಾಗ ಹಂಗ ಅನ್ನಾಕಿ ಯಾರರೆ ಇದ್ರ ಕರ್ಕೊಂಡು ಬರ್ರಿ, ಆಮ್ಯಾಲ ಆಕೀ ಊರಿನ ಹೆಸರು ಬರಸೂಣು."